ಮನೆಗೆ ಪೈನ್ ಮರ ಹಾಕಬಹುದಾ? ಹಾಕೋದಾದ್ರೆ ಯಾವುದು, ಎಲ್ಲಿಗೆ?

ಪ್ರಶ್ನೆ (ಶಿರಸಿ ಕಡೆಯಿಂದ):
ಸರ್ ನಮಸ್ತೆ. ಹಳೇ ಮನೆ ಬಿಚ್ಚಿ ಅದೇ ಜಾಗದಲ್ಲಿ ಹೊಸದು ಕಟ್ತಾ ಇದೀವಿ, 1400 ಚದರಡಿ, ಮೇಲೆ ಹಂಚಿನ ಮಾಡು. ಹಳೇದರಲ್ಲಿ ಮತ್ತಿ, ನಂದಿ, ಹೊನ್ನೆ ಎಲ್ಲ ಇದೆ, ಅರ್ಧದಷ್ಟು ವಾಪಸ್ ಬಳಸಬಹುದು ಅಂತ ಆಚಾರ್ರು ಹೇಳಿದಾರೆ. ಉಳಿದಿದ್ದಕ್ಕೆ ಕಾಡಿನ ಮರ ತರೋಕೆ ಮನಸ್ಸಿಲ್ಲ ಸರ್, ನಮ್ಮಜ್ಜ 1983ರಲ್ಲಿ ಅಪ್ಪಿಕೋ ಚಳವಳಿ ಟೈಮಲ್ಲಿ ಸಾಲ್ಕಣಿ ಕಾಡಲ್ಲಿ ಮರ ತಬ್ಕೊಂಡು ನಿಂತಿದ್ದೋರು, ಅವರ ಜಾಗದಲ್ಲೇ ಕಟ್ತಿರೋ ಮನೆಗೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಮರ ಹಾಕೋಕೆ ಆಗಲ್ಲ. ಅದಕ್ಕೆ ಪೈನ್ ಹಾಕೋಣ ಅಂದ್ರೆ ಅಪ್ಪ ಅದು ಪ್ಯಾಕಿಂಗ್ ಪೆಟ್ಟಿಗೆ ಮರ, ಎರಡು ಮಳೆಗಾಲ ಬಾಳಲ್ಲ ಅಂತಾರೆ. ಪಕ್ಕಾಸು, ಸೀಲಿಂಗ್, ಬಾಗಿಲು, ಮಂಚ, ವಾರ್ಡ್‌ರೋಬ್ ಇಷ್ಟು ಕೆಲಸ ಇದೆ. ಯಾವುದಕ್ಕೆ ಯಾವ ಮರ ಹೇಳಿ ಸರ್.

ಉತ್ತರ (ಮಂಗಳೂರು, ಟಿಂಬರ್ ಯಾರ್ಡ್ ಮತ್ತು ಟ್ರೀಟ್‌ಮೆಂಟ್ ಕೆಲಸ, 22 ವರ್ಷ):
ನಮಸ್ಕಾರ. ಮೊದಲು ಒಂದು ಮಾತು, ನಿಮ್ಮ ಮನೇಲಿ ಬಿಚ್ಚಿಟ್ಟಿರೋ ಮತ್ತಿ ಹೊನ್ನೆಗಿಂತ ಒಳ್ಳೇ ಮರ ನಾನು ಯಾವ ದೇಶದಿಂದ ತರಿಸಿದ್ರೂ ಸಿಗಲ್ಲ, ಅದರ ಒಂದು ತುಂಡೂ ಒಲೆಗೆ ಹೋಗೋಕೆ ಬಿಡಬೇಡಿ. ತೊಲೆ ತುದಿ ಗೋಡೆ ಒಳಗಿದ್ದ ಭಾಗ ಕುಂಬಾಗಿರುತ್ತೆ, ಅದನ್ನ ಒಂದೊಂದಡಿ ಕತ್ತರಿಸಿ ತೆಗೀರಿ, ಮೊಳೆ ಎಲ್ಲ ಕೀಳಿಸಿ (ಇಲ್ಲಾಂದ್ರೆ ಸಾಮಿಲ್ಲಿನವರು ಮುಟ್ಟೋದೇ ಇಲ್ಲ, ಬ್ಲೇಡ್ ಹೋಗುತ್ತೆ), ಉಳಿದಿದ್ದನ್ನ ಸೀಳಿಸಿದ್ರೆ ಪಕ್ಕಾಸು ಮತ್ತು ಹೊರಗಿನ ದಾರಂದ ಅದರಲ್ಲೇ ಆಗಬಹುದು. ಭಾರ ಹೊರೋ ಜಾಗ, ಮಳೆ ಬೀಳೋ ಜಾಗ, ನೆಲ ಮುಟ್ಟೋ ಜಾಗ, ಈ ಮೂರಕ್ಕೂ ಹಳೇ ಮರ. ಒಳಗಿನ ಕೆಲಸಕ್ಕೆ ಪೈನ್.

ಪೈನನ್ನ ಸಾಫ್ಟ್‌ವುಡ್ ಅಂತಾರೆ, ಹಾಗಂದ್ರೆ ಮೆದು ಮರ ಅಂತ ಅರ್ಥ ಅಲ್ಲ. ಸೂಜಿ ಎಲೆಯ ಮರಗಳಿಗೆ ಆ ಹೆಸರು, ಪೈನ್, ಸ್ಪ್ರೂಸ್, ದೇವದಾರು ಇವೆಲ್ಲ. ಬಾಲ್ಸಾ ಅನ್ನೋ ಮರ ಉಗುರಲ್ಲಿ ಒತ್ತಿದ್ರೆ ಕುಳಿ ಬೀಳುತ್ತೆ, ಆದ್ರೂ ಅಗಲ ಎಲೆಯದ್ದಾದ್ರಿಂದ ಲೆಕ್ಕದಲ್ಲಿ ಅದು ಹಾರ್ಡ್‌ವುಡ್.

ನಮ್ಮ ಕಡೆ ಪೈನ್ ಅಂತ ಮಾರೋದರಲ್ಲಿ ಬಹಳಷ್ಟು ನ್ಯೂಜಿಲೆಂಡಿನ ರೇಡಿಯಾಟಾ. ಅದರ ಮೂಲ ಕ್ಯಾಲಿಫೋರ್ನಿಯಾ ಕರಾವಳಿ, ನ್ಯೂಜಿಲೆಂಡಲ್ಲಿ ಪೂರ್ತಿ ತೋಟದ ಬೆಳೆ, 25-30 ವರ್ಷಕ್ಕೆ ಕಡಿದು ಮತ್ತೆ ನೆಡ್ತಾರೆ. ನೀವು ಹೇಳಿದ ಕಾಳಜಿಗೆ ಇದು ಸರಿಹೊಂದುತ್ತೆ. ಆದ್ರೆ ಹಸಿ ಜಾಗದಲ್ಲಿ ಹಾಗೇ ಹಾಕಿದ್ರೆ ನಿಮ್ಮ ತಂದೆಯವರು ಹೇಳಿದ್ದೇ ಸರಿ. ನಾನು ಶುರುವಿನ ದಿನಗಳಲ್ಲಿ ಒಂದು ಹೋಮ್‌ಸ್ಟೇಗೆ ಬಾಲ್ಕನಿ ರೇಲಿಂಗ್‌ಗೆ ಬರೀ ಒಣಗಿಸಿದ ಪೈನ್ ಕೊಟ್ಟಿದ್ದೆ, ಕಂಬದ ಬುಡಾನ ಕಾಂಕ್ರೀಟಲ್ಲಿ ಹೂತಿದ್ರು, ಮೇಲೆ ಪಾಲಿಶ್ ಎಲ್ಲ ಚೆನ್ನಾಗೇ ಇತ್ತು. ಎರಡನೇ ಮಳೆಗಾಲ ಮುಗಿದ ಮೇಲೆ ಕರೆಸಿದ್ರು, ಹೋಗಿ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದ್ರೆ ಬೆಣ್ಣೆಗೆ ಹೋದ ಹಾಗೆ ಎರಡು ಇಂಚು ಒಳಗೆ ಹೋಯ್ತು. ಮಕ್ಕಳು ಒರಗಿಕೊಳ್ಳೋ ರೇಲಿಂಗ್ ಅದು. ಪೂರ್ತಿ ಬಿಚ್ಚಿ ನನ್ನ ಖರ್ಚಲ್ಲೇ ಬೇರೆ ಹಾಕ್ಕೊಟ್ಟೆ, ಆಮೇಲೆ ಟ್ರೀಟ್‌ಮೆಂಟ್ ಕೇಳದೆ ಯಾರಿಗೂ ಪೈನ್ ಕೊಟ್ಟಿಲ್ಲ.

ಪ್ರಶ್ನೆ (ಅದೇ ಶಿರಸಿಯವರು):
ಥ್ಯಾಂಕ್ಯೂ ಸರ್. ಆದ್ರೆ ಅಂಗಡಿಯವರು ನಮ್ಮದೆಲ್ಲ ಟ್ರೀಟೆಡ್ ಪೈನೇ ಅಂತಾರೆ, ಹಲಗೆ ಮೇಲೆ ಸೀಲ್ ಕೂಡ ಇದೆ, ಎಚ್‌ಟಿ ಅಂತ. ಅಷ್ಟು ಸಾಕಲ್ವಾ?

ಉತ್ತರ:
ಸಾಲಲ್ಲ ಮಾರಾಯ್ರೇ, ಜನ ಏಮಾರೋದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೇನೆ. ಟ್ರೀಟೆಡ್ ಅನ್ನೋ ಒಂದೇ ಮಾತಲ್ಲಿ ಮೂರು ಬೇರೆ ಬೇರೆ ಕೆಲಸ ಉಂಟು. ನೀವು ನೋಡಿದ ಎಚ್‌ಟಿ ಅಂದ್ರೆ ಹೀಟ್ ಟ್ರೀಟ್ಮೆಂಟ್, ದೇಶದಿಂದ ದೇಶಕ್ಕೆ ಹೋಗೋ ಪ್ಯಾಕಿಂಗ್ ಮರಕ್ಕೆ ಹೊಡೆಯೋ ಸೀಲ್ ಅದು, ಮರದ ಒಳಗಿನ ತಿರುಳು 56 ಡಿಗ್ರಿಲಿ 30 ನಿಮಿಷ ಇದ್ರೆ ಆಯ್ತು, ಒಳಗಿದ್ದ ಹುಳ ಸಾಯುತ್ತೆ ಅಷ್ಟೇ, ನಾಳೆ ನಿಮ್ಮ ಮನೆ ಗೆದ್ದಲು ಬಂದ್ರೆ ಅದಕ್ಕೆ ಯಾವ ತಡೆನೂ ಇಲ್ಲ. ಅಲ್ಲಿಗೆ ನಿಮ್ಮ ಅಂಗಡಿಯವರು ಕೊಡ್ತಿರೋದು ಪ್ಯಾಲೆಟ್ ಬಿಚ್ಚಿದ ಹಲಗೆನೋ ಪ್ಯಾಕಿಂಗ್ ಗ್ರೇಡೋ ಇರಬೇಕು, ನಿಮ್ಮ ಅಪ್ಪನಿಗೆ ಹೇಳಿ ಅವರ ಕಣ್ಣು ಸರಿಯಾಗೇ ಉಂಟು ಅಂತ. ಎರಡನೇದು ಕಿಲ್ನ್ ಡ್ರೈ, ಅಂದ್ರೆ ಭಟ್ಟಿಯಲ್ಲಿ ಒಣಗಿಸಿದ್ದು, ಸೊಟ್ಟ ಆಗದೆ ಇರೋಕೆ ಅದು ಬೇಕೇ ಬೇಕು, ಆದ್ರೆ ಅದೂ ಗೆದ್ದಲಿನ ಔಷಧಿ ಅಲ್ಲ. ಮೂರನೇದು ಪ್ರೆಶರ್ ಟ್ರೀಟ್ಮೆಂಟ್, ದೊಡ್ಡ ಸಿಲಿಂಡರಲ್ಲಿ ಮರ ಇಟ್ಟು ಗಾಳಿ ಎಳೆದು ಒತ್ತಡದಲ್ಲಿ ಔಷಧಿ ಒಳಗೆ ಕೂರಿಸೋದು. ಬಾಳಿಕೆ ಕೊಡೋದು ಇದು.

ಈ ಔಷಧಿ ಕೂರಿಸೋದಕ್ಕೆ ನ್ಯೂಜಿಲೆಂಡಿನ ದರ್ಜೆ ಲೆಕ್ಕದಲ್ಲಿ ಎಚ್1.2 ಅಂದ್ರೆ ಮನೆ ಒಳಗೆ, ಎಚ್3.2 ಹೊರಗೆ ಆದ್ರೆ ನೆಲ ಮುಟ್ಟದ ಜಾಗ, ಎಚ್4 ನೆಲದಲ್ಲಿ ಹೂಳೋಕೆ. ನಿಮ್ಮ ಸೀಲಿಂಗ್, ಮಂಚ, ವಾರ್ಡ್‌ರೋಬಿಗೆ ಬೋರಾನ್ ಟ್ರೀಟ್ಮೆಂಟ್ ಸಾಕು, ಅಂದ್ರೆ ಬೋರಾಕ್ಸ್ ಮತ್ತು ಬೋರಿಕ್ ಆ್ಯಸಿಡ್. ಮಳೇಲಿ ಅದು ತೊಳೆದು ಹೋಗುತ್ತೆ, ಹಾಗಾಗಿ ಹೊರಗೆ ಮಾತ್ರ ಬೇಡ. ಇನ್ನು ಸ್ಪ್ರೂಸ್ ಕೊಡ್ತೀನಿ ಅಂದ್ರೆ ಒಳಗಿನ ಸೀಲಿಂಗಿಗೆ ತಗೊಳ್ಳಿ, ಬಿಳಿಯಾಗಿ ಚಂದ ಇರುತ್ತೆ, ಹೊರಗಿಗೆ ಬೇಡ, ಅದು ಔಷಧಿ ಕುಡಿಯೋದೇ ಇಲ್ಲ. ರೇಡಿಯಾಟಾ ಚೆನ್ನಾಗಿ ಕುಡಿಯುತ್ತೆ.

ಇನ್ನೊಬ್ಬರು (ಮೂಡಿಗೆರೆ, ಕಾಫಿ ತೋಟ):
ಸರ್ ಮಧ್ಯೆ ಬಂದೆ ಕ್ಷಮಿಸಿ. ನ್ಯೂಜಿಲೆಂಡಿಂದ ಹಡಗಲ್ಲಿ ತಂದಿದ್ದು ಪರಿಸರಕ್ಕೆ ಒಳ್ಳೇದು ಅಂದ್ರೆ ನಂಗೆ ಒಪ್ಪೋಕೆ ಕಷ್ಟ ಆಗ್ತಿದೆ. ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಇದೆಯಲ್ಲ, ಅದನ್ನ ಯಾಕೆ ಹೇಳಲ್ಲ?

ಉತ್ತರ:
ಒಳ್ಳೇ ಪ್ರಶ್ನೆ, ನಾನೇ ಮೊದಲು ಹೇಳಬೇಕಿತ್ತು. ಸಿಲ್ವರ್ ಸೂಜಿ ಎಲೆ ಮರ ಅಲ್ಲ, ಆಸ್ಟ್ರೇಲಿಯಾ ಮೂಲದ ಹಾರ್ಡ್‌ವುಡ್, ಆದ್ರೆ ಕೆಲಸದಲ್ಲಿ ಪೈನ್ ಥರಾನೇ ಹಗುರ, ಸುಲಭ. ನೆರಳಿಗೆ ನೆಟ್ಟು, ಮೆಣಸಿನ ಬಳ್ಳಿ ಹಬ್ಬಿಸಿ, ಮುದಿಯಾದ ಮೇಲೆ ಕಡಿದು ಬೇರೆ ನೆಡೋ ಮರಕ್ಕಿಂತ ಹತ್ತಿರದ್ದು ಏನಿದೆ? ಅದರ ಮರದ ಎಳೆಗಳಲ್ಲಿರೋ ಚುಕ್ಕೆ ಪಾಲಿಶ್ ಹಾಕಿದ್ರೆ ಹೊಳೆಯುತ್ತೆ, ವಾರ್ಡ್‌ರೋಬ್ ಬಾಗಿಲಿಗೆ ನಂಗೆ ಪೈನಿಗಿಂತ ಅದೇ ಇಷ್ಟ. ಆದ್ರೆ ಕಡಿದು ವಾರಗಟ್ಟಲೆ ತೋಟದಲ್ಲೇ ಬಿಡಬೇಡಿ, ಬಿಳಿ ಭಾಗಕ್ಕೆ ಕುಟ್ಟೆ ಹುಳ ಬೀಳುತ್ತೆ, ಹಿಟ್ಟು ಉದುರೋಕೆ ಶುರುವಾಗುತ್ತೆ. ಸೀಳಿಸಿದ ಕೂಡ್ಲೇ, ಹಸಿ ಇರುವಾಗ್ಲೇ ಬೋರಾನ್ ನೀರಲ್ಲಿ ಅದ್ದಿ ಪ್ಲಾಸ್ಟಿಕ್ ಮುಚ್ಚಿಟ್ರೆ ಔಷಧಿ ತಾನಾಗೇ ಒಳಗೆ ಇಳಿಯುತ್ತೆ, ಒಣಗಿದ ಮೇಲೆ ಅದ್ದಿದ್ರೆ ಮೇಲ್ಮೈಗೆ ಅಷ್ಟೇ. ಕಡಿಯೋ ಮೊದಲು ರೇಂಜ್ ಆಫೀಸಲ್ಲಿ ಒಂದು ಮಾತು ಕೇಳ್ಕೊಳ್ಳಿ.

ಇನ್ನೊಬ್ಬರು (ಬೆಂಗಳೂರು):
ಎಫ್‌ಎಸ್‌ಸಿ ಮಾರ್ಕ್ ಇದ್ರೆ ಕಣ್ಮುಚ್ಚಿ ತಗೋಬಹುದಾ ಸರ್? ಮತ್ತೆ ದೇವದಾರು ಹೇಗೆ, ಗೆದ್ದಲು ಹಿಡಿಯಲ್ಲ ಅಂತಾರೆ.

ಉತ್ತರ:
ಕಣ್ಮುಚ್ಚಿ ಬೇಡ. ಕಾಡು ಹಾಳು ಮಾಡದೆ ತಂದ ಮರ ಅಂತ ಹೇಳೋ ಮಾರ್ಕ್ ಎಫ್‌ಎಸ್‌ಸಿ, 1993ರಲ್ಲಿ ಶುರುವಾಗಿದ್ದು, ಅದೇ ಥರದ ಪಿಇಎಫ್‌ಸಿ 1999ರಲ್ಲಿ. ಗೋಡೆ ಮೇಲಿನ ಬೋರ್ಡ್ ನೋಡಬೇಡಿ, ನಿಮ್ಮ ಬಿಲ್ ಮೇಲೆ ಸರ್ಟಿಫಿಕೇಟ್ ಕೋಡ್ ಇದೆಯಾ ನೋಡಿ, ಅದನ್ನ ಅವರ ವೆಬ್‌ಸೈಟಲ್ಲಿ ಹಾಕಿದ್ರೆ ಯಾರ ಹೆಸರಲ್ಲಿದೆ, ಇನ್ನೂ ಚಾಲ್ತಿಯಲ್ಲಿದೆಯಾ ಗೊತ್ತಾಗುತ್ತೆ. ದೇವದಾರು ಬಾಳಿಕೆಗೆ ಬಂಗಾರ, ಆದ್ರೆ ಅದು ಹಿಮಾಲಯದ ಕಾಡಿನ ಮರ, ಬೆಳೆಯೋಕೆ ಬಹಳ ಕಾಲ ಬೇಕು. ಚಿಪ್ಕೋ ನಡೆದ ಬೆಟ್ಟದ ಮರ ತಂದು ಬೆಂಗಳೂರಲ್ಲಿ ಟಿವಿ ಯೂನಿಟ್ ಮಾಡೋದು ಬೇಡ ಅಂತ ನನ್ನ ಅಭಿಪ್ರಾಯ. ಮಾರೋರು ಯಾವ ಮರ ಹೇಳ್ತಿದಾರೆ ಅಂತ ಅನುಮಾನ ಬಂದ್ರೆ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಗೆ ಸಣ್ಣ ತುಂಡು ಕೊಡಿ, ಪರೀಕ್ಷೆ ಮಾಡಿ ಹೇಳ್ತಾರೆ.

ಪ್ರಶ್ನೆ (ಶಿರಸಿಯವರು, ಎರಡು ವಾರದ ಮೇಲೆ):
ಸರ್ ಪಕ್ಕಾಸು ಪೂರ್ತಿ ಹಳೇ ಮತ್ತಿಲೇ ಆಯ್ತು, ಅಪ್ಪ ಖುಷಿ. ಸೀಲಿಂಗಿಗೂ ಮಂಚಕ್ಕೂ ಹುಬ್ಬಳ್ಳಿಯಿಂದ ರೇಡಿಯಾಟಾ ಬಂತು, ಬಿಲ್ ಮೇಲೆ ಕೋಡ್ ಇದೆ, ಚೆಕ್ ಮಾಡ್ದೆ ಸರಿ ಇದೆ. ಆದ್ರೆ ಆಚಾರ್ರ ಮೀಟರಲ್ಲಿ ತೇವಾಂಶ ಶೇಕಡಾ 22 ತೋರಿಸ್ತಿದೆ. ಅಂಚಲ್ಲಿ ನೀಲಿ ಗೆರೆ ಬೇರೆ. ಮತ್ತೆ ನಾಲ್ಕು ಹಲಗೆ ಹಸಿರು ಬಣ್ಣದ್ದು ಸೇರ್ಕೊಂಡಿದೆ, ಅದರ ತುಂಡು ಬಚ್ಚಲ ಒಲೆಗೆ ಹಾಕೋಣ ಅಂತ ಅಮ್ಮ ಇಟ್ಟಿದಾರೆ.

ಉತ್ತರ:
ಆ ಹಸಿರು ತುಂಡು ಈಗ್ಲೇ ಒಲೆ ಹತ್ರದಿಂದ ತೆಗೀರಿ, ಮೊದಲು ಅದು! ಹಸಿರು ಬಣ್ಣ ಅಂದ್ರೆ ಬಹುಪಾಲು ಸಿಸಿಎ ಔಷಧಿ, ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಇರುತ್ತೆ. ಸುಟ್ರೆ ಹೊಗೆಲೂ ವಿಷ, ಬೂದಿಲೂ ವಿಷ, ನಿಮ್ಮ ಕಡೆ ಬೂದಿ ಪಾತ್ರೆ ತಿಕ್ಕೋಕೂ ಹೋಗುತ್ತೆ ಅಡಿಕೆ ಬುಡಕ್ಕೂ ಹೋಗುತ್ತೆ. ಅಮೆರಿಕದಲ್ಲಿ ಮನೆ ಕೆಲಸಕ್ಕೆ 2003ರ ಕೊನೆಗೆ ನಿಲ್ಲಿಸಿದ ಔಷಧಿ ಅದು. ನಾಲ್ಕು ಹಲಗೇನೂ ಅಂಗಡಿಗೆ ವಾಪಸ್ ಕೊಡಿ.

ನೀಲಿ ಗೆರೆಗೆ ಹೆದರಬೇಡಿ, ಅದು ಹಸಿ ಇದ್ದಾಗ ಬರೋ ಬೂಸ್ಟು, ಬಲ ಹೋಗಲ್ಲ, ನೋಟ ಮಾತ್ರ ಕೆಡುತ್ತೆ, ಆ ಹಲಗೆಗಳನ್ನ ಮಂಚದ ಅಡಿಗೆ ಹಾಕಿ. 22 ಮಾತ್ರ ಜಾಸ್ತಿ, ಹಾಗೇ ಸೀಲಿಂಗ್ ಹೊಡೆದ್ರೆ ಬೇಸಿಗೇಲಿ ಪ್ರತಿ ಜಾಯಿಂಟಲ್ಲೂ ಸಂದಿ ಬಿಡುತ್ತೆ. ಮುಂದಿನ ಸಲ ತೂಕ ಹಾಕಿಸಿ, ಒಣ ರೇಡಿಯಾಟಾ ಒಂದು ಸಿಎಫ್‌ಟಿ (ಘನ ಅಡಿ) ಸುಮಾರು 13-14 ಕೆಜಿ, 18 ದಾಟಿದ್ರೆ ನೀರಿಗೆ ದುಡ್ಡು ಕೊಡ್ತಿದೀರಿ ಅಂತ. ಈಗ ಹಲಗೆಗಳನ್ನ ಗಾಳಿ ಆಡೋ ಜಾಗದಲ್ಲಿ, ನೆಲದಿಂದ ಒಂದಡಿ ಮೇಲೆ, ಪ್ರತಿ ಎರಡಡಿಗೆ ಒಂದು ರೀಪು ಅಡ್ಡ ಇಟ್ಟು ಒಂದರ ಮೇಲೊಂದು ಪೇರಿಸಿ, ರೀಪುಗಳು ಕೆಳಗಿಂದ ಮೇಲಿನ ತನಕ ಒಂದೇ ನೇರಕ್ಕೆ ಬರಬೇಕು, ಮೇಲೆ ಭಾರಕ್ಕೆ ಹಂಚು ಹೇರಿ. ಬಿಸಿಲಿಗೆ ಬೇಡ. ಮೀಟರ್ 14ಕ್ಕೆ ಇಳಿಯೋವರೆಗೆ ಆಚಾರ್ರು ಎಷ್ಟು ಅವಸರ ಮಾಡಿದ್ರೂ ಮುಟ್ಟೋಕೆ ಬಿಡಬೇಡಿ. ಬೋರಾನ್ ಆಗಿದೆಯಾ ಅಂತ ಅಂಗಡಿಗೆ ಕೇಳಿ, ಆಗಿಲ್ಲಾಂದ್ರೆ ಪ್ಲೇನಿಂಗ್ ಆದ ಮೇಲೆ ಪಾಲಿಶ್‌ಗಿಂತ ಮೊದಲು ಎರಡು ಕೈ ಹೊಡೆಸಿ, ಪ್ರೆಶರಿನಷ್ಟು ಆಗಲ್ಲ, ಆದ್ರೆ ಒಳಗಿನ ಕೆಲಸಕ್ಕೆ ಏನೂ ಇಲ್ಲದಕ್ಕಿಂತ ಎಷ್ಟೋ ವಾಸಿ.

ಗಂಟುಗಳ ಮೇಲೆ ಬೆರಳಿಟ್ಟು ನೋಡಿ, ಅಂಟಂಟು ಇದ್ರೆ ಶೆಲ್ಲಾಕ್ (ಅರಗಿನ ಪಾಲಿಶ್) ಎರಡು ಕೋಟ್ ಕೊಡದೆ ಪೇಂಟ್ ಹೊಡೀಬೇಡಿ, ಹಳದಿ ಕಲೆ ಎದ್ದು ಬರುತ್ತೆ. ಮಂಚದ ಉದ್ದ ಪಟ್ಟಿ ತಲೆದಿಂಬಿನ ಕಡೆ ಸೇರೋ ಜಾಗದಲ್ಲಿ ಬರೀ ಸ್ಕ್ರೂ ಬೇಡ, ಪೈನ್ ತುದಿ ಕಡೆಯಿಂದ ಸ್ಕ್ರೂ ಹಿಡ್ಕೊಳ್ಳಲ್ಲ, ನಟ್ ಬೋಲ್ಟ್ ಹಾಕಿಸಿ. 14ಕ್ಕೆ ಬಂದ ದಿನ ಇಲ್ಲೇ ಒಂದು ಫೋಟೋ ಹಾಕಿ, ಸೀಲಿಂಗಿನ ಸಂದಿ ಎಷ್ಟು ಬಿಡಬೇಕು ಅಂತ ಹಲಗೆ ಅಗಲ ನೋಡಿ ಹೇಳ್ತೇನೆ.