ಎಂಟರ್‌ಪ್ರೈಸ್ ಝೋನ್‌ಗೆ ಕನ್ನಡದಲ್ಲಿ ಏನಂತೀರಿ? ಅದರಲ್ಲೂ ಆ "ಡಿಸ್ಟ್ರೆಸ್ಡ್"ಗೆ?

ಎಲ್ರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪದ ತಲೆ ತಿಂತಾ ಇದೆ. ನಮ್ಮ ಕನ್ನಡ ಕೂಟದ ಸಂಚಿಕೆಗೆ, ನ್ಯೂಜೆರ್ಸಿಗೆ ಹೊಸದಾಗಿ ಬಂದವರಿಗೆ ಅಂತ ಒಂದು ಲೇಖನ ಬರೀತಿದೀನಿ, ಸೇಲ್ಸ್ ಟ್ಯಾಕ್ಸ್ ವಿಷ್ಯದಲ್ಲಿ ಬಂದು ಸಿಕ್ಕಾಕೊಂಡೆ. ಇಲ್ಲಿ ರಾಜ್ಯದ ಸೇಲ್ಸ್ ಟ್ಯಾಕ್ಸ್ ಶೇ 6.625. ಆದ್ರೆ ಎಲಿಜಬೆತ್‌ನ ಐಕಿಯಾಗೆ ಹೋಗಿ ಒಂದು ಮೇಜು ತಗೊಂಡ್ರೆ ಬಿಲ್ಲಲ್ಲಿ ಶೇ 3.3125 ಇರುತ್ತೆ, ಕರೆಕ್ಟಾಗಿ ಅರ್ಧ. ಯಾಕಪ್ಪಾ ಅಂದ್ರೆ ಅದು "ಅರ್ಬನ್ ಎಂಟರ್‌ಪ್ರೈಸ್ ಝೋನ್". 1983ರಲ್ಲಿ ಆದ ಕಾನೂನು, ಕ್ಯಾಮ್ಡನ್, ನ್ಯೂಅರ್ಕ್, ಟ್ರೆಂಟನ್ ಥರದ "ಡಿಸ್ಟ್ರೆಸ್ಡ್" (ಆರ್ಥಿಕವಾಗಿ ಕುಸಿದ) ಊರುಗಳಿಗೆ ಅಂಗಡಿ ವ್ಯಾಪಾರ ವಾಪಸ್ ಬರಲಿ ಅಂತ ಮಾಡಿದ್ದು. (ಕಾರು, ಹೆಂಡ, ಸಿಗರೇಟು, ಹೋಟೆಲ್ ಊಟಕ್ಕೆ ಈ ಅರ್ಧ ರೇಟ್ ಇಲ್ಲ, ಆಸೆ ಇಟ್ಕೋಬೇಡಿ.)

ಮೊದಲು ಸುಲಭದ್ದು. "ಕೈಗಾರಿಕಾ ಪ್ರದೇಶ" ಅಂತ ಬರೆದಿದ್ದೆ, ನಮ್ಮನೆಯವರು ಓದಿ "ಪೀಣ್ಯನಾ?" ಅಂದ್ರು. ಸರಿನೇ, ಆ ಪದ ಕೇಳಿದ್ರೆ ಶೆಡ್ಡು, ಲಾರಿ, ಲೇತ್ ಮಷೀನು ಕಣ್ಮುಂದೆ ಬರುತ್ತೆ, ಇಲ್ಲಿ ನೋಡಿದ್ರೆ ಸೋಫಾ ಅಂಗಡಿ, ಹಾರ್ಡ್‌ವೇರ್ ಅಂಗಡಿನೂ ಸೇರ್ಕೊಂಡಿವೆ. "ಉದ್ಯಮ ವಲಯ" ಅಂದ್ರೆ ಪತ್ರಿಕೆಯವರು ಬರೆಯೋ "ಉದ್ಯಮ ವಲಯದಲ್ಲಿ ಆತಂಕ" ಅನ್ನೋ ಅರ್ಥ ಬಂದ್ಬಿಡುತ್ತೆ, ಜಾಗ ಅನ್ಸೋದೇ ಇಲ್ಲ. ಕೊನೆಗೆ ಬೆಂಗಳೂರಿನ "ಉದ್ದಿಮೆ ಪರವಾನಗಿ" ನೆನಪಾಯ್ತು, ಬೇಕರಿಗೂ ಅದೇ ಸಲೂನ್‌ಗೂ ಅದೇ. ಹಾಗಾಗಿ "ನಗರ ಉದ್ದಿಮೆ ವಲಯ" ಅಂತ ಹಾಕೋಣ ಅಂತಿದೀನಿ. ತಕರಾರು ಇದ್ರೆ ಹೇಳಿ.

ಎರಡನೇದು "ಇನ್ಸೆಂಟಿವ್". ಎಲ್ಲರೂ ಕಣ್ಮುಚ್ಚಿ "ಪ್ರೋತ್ಸಾಹಧನ" ಅಂತಾರೆ, ಆದ್ರೆ ಇಲ್ಲಿ ಧನ ಎಲ್ಲಿದೆ? ಸರ್ಕಾರ ಕೈಗೆ ದುಡ್ಡು ಕೊಡ್ತಿಲ್ಲ, ತಾನು ತಗೊಳ್ಳೋದನ್ನ ಬಿಡ್ತಿದೆ ಅಷ್ಟೆ. ಗಿರಾಕಿಗೆ ತೆರಿಗೆ ಅರ್ಧ, ಅದು ರಿಯಾಯಿತಿ. ಅಂಗಡಿಯವನು ತನ್ನ ಬಳಕೆಗೆ ಅಂತ ಕೊಳ್ಳೋ ಸಾಮಾನಿಗೆ ತೆರಿಗೆನೇ ಇಲ್ಲ, ಅದು ವಿನಾಯಿತಿ. ಈ ಎರಡು ಪದ ನಾವು ಒಂದರ ಬದಲು ಇನ್ನೊಂದು ಬಳಸ್ತೀವಿ, ನಾನೂ ಬಳಸ್ತಿದ್ದೆ, ಈ ಲೇಖನ ಬರೆಯೋವಾಗ್ಲೇ ವ್ಯತ್ಯಾಸ ಸರಿಯಾಗಿ ಹತ್ತಿದ್ದು. ಎರಡಕ್ಕೂ ಸೇರಿಸಿ "ಸವಲತ್ತು" ಸಾಕು ಅನ್ಸುತ್ತೆ.

ಈಗ ನಿಜವಾದ ತಲೆನೋವು, "ಡಿಸ್ಟ್ರೆಸ್ಡ್". ಕೈ ತಾನಾಗೇ "ಹಿಂದುಳಿದ" ಅಂತ ಬರೀತು. ಕರ್ನಾಟಕದ ಪ್ರಾದೇಶಿಕ ಅಸಮತೋಲನ ನೋಡಿದ ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲೂಕುಗಳನ್ನ ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಅಂತ ವಿಂಗಡಿಸಿದಾಗಿಂದ ಆ ಪದ ನಮಗೆ ಬಾಯಿಪಾಠ. ಆದ್ರೆ ಟ್ರೆಂಟನ್ ಹಿಂದುಳಿದ ಊರಾ? ಡೆಲವೇರ್ ನದಿ ಸೇತುವೆ ಮೇಲೆ ಇವತ್ತಿಗೂ ದೊಡ್ಡ ಅಕ್ಷರದಲ್ಲಿ "ಟ್ರೆಂಟನ್ ಮಾಡುತ್ತೆ, ಲೋಕ ತಗೊಳ್ಳುತ್ತೆ" ಅನ್ನೋ ಅರ್ಥದ ಸಾಲಿದೆ, ಗೋಲ್ಡನ್ ಗೇಟ್ ಸೇತುವೆಯ ಕೇಬಲ್ ಹಾಕಿದ ರೋಬ್ಲಿಂಗ್ ಕಂಪನಿ ಇದೇ ಊರಿಂದು. ಕ್ಯಾಮ್ಡನ್‌ನಲ್ಲಿ ಹಡಗು ಕಟ್ತಿದ್ರು, ಆ ಯಾರ್ಡ್ 1967ರಲ್ಲಿ ಮುಚ್ಚಿತು. ಇವು ಹಿಂದೆ ಉಳಿದ ಊರಲ್ಲ ಸ್ವಾಮಿ, ಎಲ್ಲರಿಗಿಂತ ಮುಂದೆ ಹೋಗಿ ಬಿದ್ದ ಊರು. ಓಟಕ್ಕೇ ನಿಲ್ಲದೋನೂ ಮಂಡಿ ಮುರ್ಕೊಂಡೋನೂ ಒಂದೇನಾ?

"ಸಂಕಷ್ಟಪೀಡಿತ" ಅಂದ್ರೆ ನೆರೆ ಬಂದ ಹಾಗೆ, ನಾಳೆ ಗಂಜಿ ಕೇಂದ್ರ ತೆರೀತಾರೆ ಅನ್ಸುತ್ತೆ. "ಪಾಳುಬಿದ್ದ" ಅಂದ್ರೆ ಜನಾನೇ ಇಲ್ಲ ಅಂತ, ಅಲ್ಲಿ ಇರೋರಿಗೆ ಅವಮಾನ. "ನೆಲಕಚ್ಚಿದ" ಸಿನಿಮಾಗೆ ಸರಿ. ನಮ್ಮಜ್ಜಿ ಕೆಲವು ಮನೆಗಳ ಬಗ್ಗೆ "ಬಾಳಿ ಬದುಕಿದ ಮನೆ ಕಣೋ ಅದು" ಅಂತ ದನಿ ತಗ್ಗಿಸಿ ಹೇಳೋರು, ಬಡವರು ಅನ್ನೋ ಮಾತೇ ಆಡ್ತಿರಲಿಲ್ಲ, ಆದ್ರೂ ಈಗೇನೂ ಇಲ್ಲ ಅನ್ನೋದು ಆ ದನಿಯಲ್ಲೇ ಗೊತ್ತಾಗೋದು. ನನಗೆ ಬೇಕಾಗಿರೋ ಅರ್ಥ ಕರೆಕ್ಟಾಗಿ ಅದೇ, ಆದ್ರೆ ಅದನ್ನ ಟ್ಯಾಕ್ಸ್ ಲೇಖನದಲ್ಲಿ ಹೆಂಗೆ ತೂರಿಸಲಿ? ಸದ್ಯಕ್ಕೆ "ಸೊರಗಿದ ನಗರ" ಅಂತ ಹಾಕಿದೀನಿ. ಸೊರಗಿದ ಗಿಡಕ್ಕೆ ನೀರು ಹಾಕಿದ್ರೆ ಚಿಗುರುತ್ತೆ, ಸವಲತ್ತು ಅನ್ನೋದಕ್ಕೂ ಹೊಂದುತ್ತೆ.

ದಾವಣಗೆರೆಯವರು, ಕೆಜಿಎಫ್‌ನವರು ಇಲ್ಲಿ ಯಾರಾದ್ರೂ ಇದ್ರೆ ನಿಮ್ಮನ್ನೇ ಕೇಳೋದು. ಕಾಟನ್ ಮಿಲ್‌ಗಳು ಮುಚ್ಚಿದ ಮೇಲೆ, 2001ರಲ್ಲಿ ಗಣಿ ನಿಂತ ಮೇಲೆ, ಮನೇಲಿ ಹಿರಿಯರು ಊರಿನ ಬಗ್ಗೆ ಮಾತಾಡೋವಾಗ ಯಾವ ಪದ ಬಳಸ್ತಿದ್ರು? ಕನ್ನಡನೇ ಆಗ್ಬೇಕು ಅಂತಿಲ್ಲ, ಕೆಜಿಎಫ್ ಕಡೆ ತಮಿಳೋ ತೆಲುಗೋ ಪದ ಇದ್ರೂ ಹೇಳಿ. ಭಾನುವಾರದೊಳಗೆ ಸಂಪಾದಕರಿಗೆ ಕೊಡ್ಬೇಕು.