1 ಮಿ.ಮೀ. ಎತ್ತರ ಹೆಚ್ಚಾದ್ರೆ ವ್ಯಾಸವೂ ಹೆಚ್ಚು ತೋರಿಸ್ತಿದೆ: ಲೆನ್ಸ್ ತೊಂದರೆಯಾ, ಫೋಕಸ್ ತೊಂದರೆಯಾ?

ವಸಂತನರಸಾಪುರದವ:
ಎಲ್ಲರಿಗೂ ನಮಸ್ಕಾರ. ತುಮಕೂರು ವಸಂತನರಸಾಪುರದಲ್ಲಿ ನಮ್ಮದೊಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷೀನ್) ಶೆಡ್ ಇದೆ. ಸ್ಟೀಲ್ ಬುಷ್ (ಮಧ್ಯೆ ತೂತಿರೋ ಗಿಡ್ಡ ಕೊಳವೆ) ಮಾಡ್ತೀವಿ. ಹೊರವ್ಯಾಸ 12 ಮಿ.ಮೀ., ಒಳಗೆ 6, ಟಾಲರೆನ್ಸ್ (ಬಿಟ್ಟಿರೋ ಹೆಚ್ಚುಕಮ್ಮಿ) ±0.02. ಒಂದೊಂದನ್ನೂ ಮೈಕ್ರೋಮೀಟರಲ್ಲಿ ಹಿಡಿದು ಹುಡುಗರ ಕೈ ಸೋತುಹೋಗ್ತಿತ್ತು, ಅದಕ್ಕೇ ಕ್ಯಾಮೆರಾ ಕೂರಿಸಿದೆ. 5 ಮೆಗಾಪಿಕ್ಸೆಲ್, 25 ಎಂಎಂ ಲೆನ್ಸ್, ಕೆಳಗಿಂದ ಬ್ಯಾಕ್‌ಲೈಟ್. ಲೆನ್ಸಿಂದ ಬುಷ್ಷಿನ ತಲೆಗೆ ಸುಮಾರು 150 ಮಿ.ಮೀ.

10 ಎತ್ತರದ ಮಾಸ್ಟರ್ (ಅಳತೆ ಖಚಿತವಾಗಿ ಗೊತ್ತಿರೋ ಮಾದರಿ) ಇಟ್ಟು ಕ್ಯಾಲಿಬ್ರೇಟ್ ಮಾಡಿದೆ. 10ರ ಬುಷ್ 11.99 ಸರಿಯಾಗಿ ಬರ್ತಿದೆ. 11 ಎತ್ತರದ್ದು ಇಟ್ಟರೆ 12.07. ಅಂಚು ಸ್ವಲ್ಪ ಮಸುಕಿತ್ತು, ಫೋಕಸ್ ರಿಂಗ್ ತಿರುಗಿಸಿದೆ. ಅಂಚು ಚೊಕ್ಕ ಆಯ್ತು, ಅಳತೆ ಮಾತ್ರ 12.09ಕ್ಕೆ ಏರಿತು! ಮೈಕ್ರೋಮೀಟರಲ್ಲಿ ಎರಡೂ 11.99. ಚೆನ್ನಾಗಿ ಫೋಕಸ್ ಮಾಡಿದ್ರೆ ತಪ್ಪು ಇನ್ನೂ ಜಾಸ್ತಿ ಆಗೋದು ಹೇಗೆ ಸಾರ್?

ಹಿರೇಹಳ್ಳಿ ಟರ್ನರ್:
ಶೀಟ್ ಶೆಡ್ಡಾ? ಬಿಸಿಲಿಗೆ ಬುಷ್ ಹಿಗ್ಗಿರಬೇಕು.

ಮಸೂರಪ್ರಿಯ:
ಅಣ್ಣಾ, ಬಿಸಿಲಿಂದ ಇಷ್ಟು ಬರಲ್ಲ. ಅಳತೆಗೆ ನಿಗದಿ ಇರೋದು 20 ಡಿಗ್ರಿ. ಶೆಡ್ 35 ಇದ್ದರೂ 12 ಮಿ.ಮೀ. ಸ್ಟೀಲ್ ಹಿಗ್ಗೋದು 2 ಮೈಕ್ರಾನ್ (0.002 ಮಿ.ಮೀ.). ಇವರಿಗೆ ಬಂದಿರೋದು 80.

ವಸಂತನರಸಾಪುರದವರೇ, ಒಂದು ವಿಷಯ ಹೇಳಿ. ಫೋಕಸ್ ಮುಟ್ಟೋ ಮೊದಲು ಒಳವ್ಯಾಸ ಎರಡು ಬುಷ್ಷಲ್ಲೂ ಎಷ್ಟು ಬರ್ತಿತ್ತು?

ವಸಂತನರಸಾಪುರದವ:
ಎರಡರಲ್ಲೂ 5.62. ಇರಬೇಕಾದ್ದು 6. ಯಾಕೋ ಗೊತ್ತಾಗದೆ ಸಾಫ್ಟ್‌ವೇರಲ್ಲಿ ಆ ವ್ಯತ್ಯಾಸ ಕೂಡಿಸೋ ಆಫ್‌ಸೆಟ್ ಹಾಕಿಬಿಟ್ಟಿದ್ದೆ.

ಮಸೂರಪ್ರಿಯ:
ಹಾಗಾದ್ರೆ ಅನುಮಾನವೇ ಇಲ್ಲ. ಸಾಧಾರಣ ಲೆನ್ಸ್ ನಮ್ಮ ಕಣ್ಣಿನ ಹಾಗೆ, ಹತ್ತಿರದ್ದನ್ನ ದೊಡ್ಡದಾಗಿ, ದೂರದ್ದನ್ನ ಚಿಕ್ಕದಾಗಿ ನೋಡುತ್ತೆ. ಹೊರಗಿನ ನೆರಳನ್ನ ಬುಷ್ಷಿನ ಮೇಲಂಚು ಬೀಳಿಸುತ್ತೆ. ಒಳಗಿನ ಬೆಳಕಿನ ವೃತ್ತವನ್ನ ಬ್ಯಾಕ್‌ಲೈಟ್ ಗಾಜಿನ ಮೇಲೆ ಕೂತ ಕೆಳಅಂಚು ಕತ್ತರಿಸುತ್ತೆ. ಕೆಳಅಂಚು ಎರಡರಲ್ಲೂ ಅದೇ ಜಾಗದಲ್ಲಿದೆ, ಅದಕ್ಕೇ 5.62 ಕದಲಲಿಲ್ಲ. ಮಾಸ್ಟರಿನ ಮೇಲಂಚಿಗಿಂತ ಅದು ಲೆನ್ಸಿಂದ 10 ಮಿ.ಮೀ. ಹೆಚ್ಚು ದೂರ, 6ನ್ನ 150ರಿಂದ ಗುಣಿಸಿ 160ರಿಂದ ಭಾಗಿಸಿ ನೋಡಿ, ನಿಮ್ಮ ಅಂಕಿಯೇ ಬರುತ್ತೆ. ಮೇಲಂಚು 149ಕ್ಕೆ ಬಂದದ್ದಕ್ಕೆ 12.07.

ಇನ್ನು ರಿಂಗಿನ ವಿಷಯ. ರಿಂಗ್ ತಿರುಗಿಸಿದಾಗ ಒಳಗಿನ ಗಾಜು ಸೆನ್ಸರ್‌ನಿಂದ ಇನ್ನಷ್ಟು ದೂರ ಹೋಗುತ್ತೆ, ಚಿತ್ರ ಇನ್ನೂ ಹಿಗ್ಗುತ್ತೆ. ಆ 0.02 ಅಲ್ಲಿಂದ ಬಂದದ್ದು. ದಯವಿಟ್ಟು, ಕ್ಯಾಲಿಬ್ರೇಟ್ ಮಾಡಿದ ಮೇಲೆ ರಿಂಗ್ ಮುಟ್ಟಬೇಡಿ. ಲೆನ್ಸ್ ಪಕ್ಕದ ಪುಟ್ಟ ಸ್ಕ್ರೂ ಇರೋದೇ ಅದನ್ನ ಬಿಗಿಯೋಕೆ. ಮಸುಕಾದ್ರೆ ಕಂಬದ ಸ್ಲೈಡಲ್ಲಿ ಇಡೀ ಕ್ಯಾಮೆರಾನ ಮೇಲೆ ಕೆಳಗೆ ಮಾಡಿ. ಮತ್ತೆ ಚೊಕ್ಕ ಕಂಡ ಜಾಗದಲ್ಲಿ ದೂರ ಮೊದಲಿನಷ್ಟೇ ಆಗಿರುತ್ತೆ, ಅಳತೆಯೂ ಹೆಚ್ಚುಕಮ್ಮಿ ಮೊದಲಿನಂತೆ ಬರುತ್ತೆ. ಮಾಸ್ಟರ್ ಇಟ್ಟು ರಿಂಗನ್ನ ಹಳೇ ಜಾಗಕ್ಕೆ ತಂದು ಬಿಗಿದು, ಕ್ಯಾಮೆರಾನ 1 ಮಿ.ಮೀ. ಏರಿಸಿ ನೋಡಿ.

ವಸಂತನರಸಾಪುರದವ:
ಡಯಲ್ ಗೇಜ್ (ಮುಳ್ಳು ತೋರಿಸೋ ಅಳತೆ ಸಾಧನ) ಇಟ್ಟು ಸರಿಯಾಗಿ 1 ಮಿ.ಮೀ. ಏರಿಸಿದೆ. 11ರ ಬುಷ್ 11.99! ಎರಡು ದಿನದ ತಲೆನೋವು ಇಳೀತು, ತುಂಬಾ ಥ್ಯಾಂಕ್ಸ್ ಸಾರ್. ಇದರಲ್ಲೇ ಉತ್ಪಾದನೆ ಓಡಿಸಬಹುದಾ? ಬುಷ್ಷಿನ ಉದ್ದಕ್ಕೆ ±0.1 ಬಿಟ್ಟಿದ್ದಾರೆ.

ಮಸೂರಪ್ರಿಯ:
ನಾನಾದ್ರೆ ಓಡಿಸಲ್ಲ. ಆ 0.1 ಒಂದರಿಂದಲೇ ಓದು 8 ಮೈಕ್ರಾನ್ ಅಲ್ಲಾಡುತ್ತೆ, ನಿಮಗಿರೋ 20ರಲ್ಲಿ ಸುಮಾರು ಅರ್ಧ ಹೋಯ್ತು. ಜೊತೆಗೆ ಈಗ ಒಂದು ಪಿಕ್ಸೆಲ್ ಅಂದ್ರೆ ಸುಮಾರು 17 ಮೈಕ್ರಾನ್.

ಟೆಲಿಸೆಂಟ್ರಿಕ್ ಲೆನ್ಸ್ ತಗೊಳ್ಳಿ. ಅದು ಅಕ್ಷಕ್ಕೆ ಸಮಾನಾಂತರವಾಗಿ ಬರೋ ಕಿರಣಗಳನ್ನ ಮಾತ್ರ ಒಳಗೆ ಬಿಡುತ್ತೆ, ಹಾಗಾಗಿ ಭಾಗ ಸ್ವಲ್ಪ ಹತ್ತಿರ ಬಂದರೂ ಗಾತ್ರ ಬದಲಾಗಲ್ಲ. ಬೆಲೆ ಜಾಸ್ತಿ, ಯಾಕಂದ್ರೆ ಮುಂದಿನ ಗಾಜು ಅಳೆಯೋ ಭಾಗಕ್ಕಿಂತ ದೊಡ್ಡದಿರಲೇಬೇಕು. ನಿಮ್ಮ ಸೆನ್ಸರ್ 8.4 × 7.1 ಮಿ.ಮೀ. ಆಗಿದ್ರೆ 0.5 ವರ್ಧನೆಯದ್ದು ಸಾಕು. 14 ಮಿ.ಮೀ. ಎತ್ತರದ ನೋಟ ಸಿಗುತ್ತೆ, 12ರ ಬುಷ್ ಹಿಡಿಸುತ್ತೆ, ಪಿಕ್ಸೆಲ್ 7 ಮೈಕ್ರಾನ್‌ಗೆ ಇಳಿಯುತ್ತೆ. ಅಪರ್ಚರ್ (ಲೆನ್ಸಲ್ಲಿ ಬೆಳಕು ಒಳಬರೋ ಕಿಂಡಿ) ಎಫ್/8 ಆಸುಪಾಸಲ್ಲಿ ಇರಲಿ. ಕಿಂಡಿ ಇನ್ನೂ ಚಿಕ್ಕದಾಗೋ ಎಫ್/16ಕ್ಕೆ ಮುಚ್ಚಿದ್ರೆ ಚೊಕ್ಕ ಕಾಣೋ ಆಳ ಸಿಗುತ್ತೆ ನಿಜ, ಆದ್ರೆ ಬೆಳಕು ಬಾಗಿ ಅಂಚು ಮೆತ್ತಗಾಗುತ್ತೆ.

ಬ್ಯಾಕ್‌ಲೈಟ್ ಯಾವುದು, ಹಾಲುಬಿಳಿ ಪ್ಯಾನೆಲ್ಲಾ?

ವಸಂತನರಸಾಪುರದವ:
ಹೌದು ಸಾರ್. ಬ್ರೈಟ್‌ನೆಸ್ ಪೂರ್ತಿ ಇಟ್ಟಿದೀನಿ.

ಮಸೂರಪ್ರಿಯ:
ಇಳಿಸಿ. ಚಿತ್ರದ ಹಿನ್ನೆಲೆ ಪೂರ್ತಿ 255 (0 ಕಪ್ಪು, 255 ಪೂರ್ತಿ ಬಿಳಿ) ಮುಟ್ಟಿದ್ರೆ ಬೆಳಕು ಅಂಚನ್ನ ತಿಂದು ನೆರಳು ಸಣ್ಣದಾಗುತ್ತೆ. 200ರ ಹತ್ತಿರ ನಿಲ್ಲಿಸಿ, ಆ ಬೆಳಕಲ್ಲೇ ಮಾಸ್ಟರ್ ಇಟ್ಟು ಮತ್ತೆ ಕ್ಯಾಲಿಬ್ರೇಟ್ ಮಾಡಿ. ಹೊಸ ಲೆನ್ಸ್ ಬರೋವರೆಗೂ ಒಳವ್ಯಾಸದ ಆಫ್‌ಸೆಟ್ ತೆಗೆದುಹಾಕಿ, ಒಳವ್ಯಾಸನ ಪ್ಲಗ್ ಗೇಜಲ್ಲೇ (ತೂತಿಗೆ ತೂರಿಸಿ ನೋಡೋ ಅಳತೆಕಡ್ಡಿ) ನೋಡಿ.