ನನ್ನ ತಮ್ಮ ಕಾಲೇಜು ಬಿಟ್ಟು ಇ-ಸ್ಪೋರ್ಟ್ಸ್ (ವಿಡಿಯೊ ಗೇಮ್ ಸ್ಪರ್ಧೆ) ಆಡುತ್ತೇನೆ ಎನ್ನುತ್ತಿದ್ದಾನೆ, ಗೊತ್ತಿರುವವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ:

ನನ್ನ ತಮ್ಮನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಬಿಜಿಎಂಐ, ಅಂದರೆ ಮೊಬೈಲ್‌ನಲ್ಲಿ ಆಡುವ ಪಬ್‌ಜಿಯ ಭಾರತದ ರೂಪ, ತುಂಬಾ ಚೆನ್ನಾಗಿ ಆಡುತ್ತಾನೆ. ಊರಲ್ಲಿ ನಡೆಯುವ ಟೂರ್ನಮೆಂಟುಗಳಲ್ಲಿ ಗೆದ್ದಿದ್ದಾನೆ. ಈಗ ಕಾಲೇಜು ಬಿಟ್ಟು ಇದನ್ನೇ ಮಾಡುತ್ತೇನೆ ಎಂದು ಹಟ. "ಫೇಕರ್ ಕೂಡ ಸ್ಕೂಲ್ ಬಿಟ್ಟೇ ಬೆಳೆದಿದ್ದು" ಎನ್ನುತ್ತಾನೆ. ಇದೆಲ್ಲ ಜೂಜು ಎಂದು ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. ಯಾರ ಪರ ನಿಲ್ಲಬೇಕೋ ನನಗೆ ತಿಳಿಯುತ್ತಿಲ್ಲ. ಈ ದಾರಿಯಲ್ಲಿ ಹೋದವರು, ಮಕ್ಕಳನ್ನು ಕಳಿಸಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:

ಅಕ್ಕ, ನಾನು ಕೆಲವು ವರ್ಷ ಪಿಸಿ ಗೇಮ್ ಟೀಮಿನಲ್ಲಿ ಆಡಿದ್ದೇನೆ. ಈಗ ಹುಡುಗರಿಗೆ ಕೋಚಿಂಗ್ ಕೊಡುತ್ತೇನೆ. ನಿಮ್ಮ ತಮ್ಮ ಫೇಕರ್ ಹೆಸರು ಎತ್ತಿದ್ದು ಒಳ್ಳೆಯದೇ ಆಯಿತು. ಆ ಕಥೆಯನ್ನು ಅವನು ಪೂರ್ತಿ ತಿಳಿದುಕೊಳ್ಳಲಿ.

ಫೇಕರ್ ಅಂದರೆ ದಕ್ಷಿಣ ಕೊರಿಯಾದ ಲೀ ಸಾಂಗ್-ಹ್ಯೋಕ್. 1996ರಲ್ಲಿ ಹುಟ್ಟಿದವರು. ಲೀಗ್ ಆಫ್ ಲೆಜೆಂಡ್ಸ್ ಎಂಬ, ಐದೈದು ಜನರ ಟೀಮುಗಳ ಪಿಸಿ ಗೇಮ್ ಆಡುತ್ತಾರೆ. ಸ್ಕೂಲ್ ಬಿಟ್ಟಿದ್ದು ನಿಜ. ಆದರೆ ಯಾವಾಗ ಬಿಟ್ಟರು ನೋಡಿ. ಅದಕ್ಕೂ ಮೊದಲೇ ಅವರು ಕೊರಿಯಾದ ಸೋಲೋ (ಸ್ವಂತ ಟೀಮ್ ಇಲ್ಲದೆ ಒಬ್ಬೊಬ್ಬರಾಗಿ ಆಡುವವರ) ರ‍್ಯಾಂಕಿಂಗ್‌ನಲ್ಲಿ ತುತ್ತತುದಿಗೆ ಹೋಗಿದ್ದರು. ಆಗ ಆಡುತ್ತಿದ್ದ ಹೆಸರು ಗೋಜೋನ್ಪಾ. ಆ ಮಟ್ಟದಲ್ಲಿ ಎದುರಿಗೆ ಸಿಗುವವರು ಪ್ರೊ ಆಟಗಾರರೇ. ಎಸ್‌ಕೆ ಟೆಲಿಕಾಂ ಟೀಮ್ ಅವರನ್ನು ಸೇರಿಸಿಕೊಂಡಿದ್ದು ಆ ಹೆಸರಿನ ಬಲದ ಮೇಲೆ. ಮೊದಲು ದೇಶದಲ್ಲೇ ಮೇಲಿನ ಸ್ಥಾನ, ಆಮೇಲೆ ಟೀಮ್, ಓದು ಬಿಡುವ ಮಾತು ಅದರ ಜೊತೆಗೆ ಬಂದದ್ದು. ನಿಮ್ಮ ತಮ್ಮ ಓದು ಬಿಡುವುದನ್ನೇ ಮೊದಲ ಹೆಜ್ಜೆ ಮಾಡಿಕೊಂಡಿದ್ದಾನೆ.

ಮುಂದಿನದು ಇನ್ನೂ ಮುಖ್ಯ. 2013ರ ಏಪ್ರಿಲ್‌ನಲ್ಲಿ ಅವರ ಮೊದಲ ಪ್ರೊ ಪಂದ್ಯ. ಎದುರಿಗೆ ಆಂಬಿಷನ್, ಆಗ ಹೆಸರು ಮಾಡಿದ್ದ ಮಿಡ್ ಆಟಗಾರ, ಅಂದರೆ ಆಟದ ನಕ್ಷೆಯ ನಡುದಾರಿಯಲ್ಲಿ ಆಡುವವರು. ಹದಿನಾರರ ಹುಡುಗ ಆಟದಲ್ಲಿ ಅವರನ್ನು ಒಬ್ಬನೇ ಹೊಡೆದ. ಅದೇ ವರ್ಷ ವಿಶ್ವ ಚಾಂಪಿಯನ್ ಕೂಡ ಆದ. ಹುಡುಗರೆಲ್ಲ ನೋಡುವ ವಿಡಿಯೊ ಇಷ್ಟೇ. 2014ರಲ್ಲಿ ಆ ಟೀಮ್ ವಿಶ್ವಕಪ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 2015, 2016ರಲ್ಲಿ ಮತ್ತೆ ಗೆದ್ದರು. 2017ರ ಫೈನಲ್‌ನಲ್ಲಿ, ಬೀಜಿಂಗ್‌ನಲ್ಲಿ, 3-0 ಸೋತು ಫೇಕರ್ ವೇದಿಕೆ ಮೇಲೆಯೇ ಅತ್ತುಬಿಟ್ಟರು. ಗೆದ್ದ ಸ್ಯಾಮ್‌ಸಂಗ್ ಗ್ಯಾಲಕ್ಸಿಯ ನಾಯಕ ಯಾರು ಗೊತ್ತಾ? ಅದೇ ಆಂಬಿಷನ್. ಮಿಡ್ ಸ್ಥಾನ ಬಿಟ್ಟು ಜಂಗಲ್ ಆಟ (ದಾರಿಗಳ ನಡುವಿನ ಕಾಡಿನಲ್ಲಿ ಓಡಾಡುವ ಪಾತ್ರ) ಕಲಿತು, 2016ರ ಫೈನಲ್‌ನಲ್ಲಿ ಫೇಕರ್ ಟೀಮಿಗೇ 3-2 ಸೋತು, ಮರುವರ್ಷ ಬಂದು ಕಪ್ ಎತ್ತಿದರು. ನನ್ನ ಹುಡುಗರಿಗೆ ನಾನು ಫೇಕರ್‌ಗಿಂತ ಜಾಸ್ತಿ ಆಂಬಿಷನ್ ಕಥೆ ಹೇಳುತ್ತೇನೆ. ಹೊಸಬರು ಬಂದು ನಿಮ್ಮ ಜಾಗ ಕಿತ್ತುಕೊಳ್ಳುವುದು ಖಂಡಿತ. ಆಗ ಬೇರೆ ಪಾತ್ರ ಕಲಿಯುವಷ್ಟು ಆಟ ಗೊತ್ತಿರಬೇಕು.

ಫೇಕರ್‌ಗೆ ನಾಲ್ಕನೇ ವಿಶ್ವಕಪ್ ಸಿಕ್ಕಿದ್ದು 2023ರಲ್ಲಿ, ಸೋಲ್‌ನಲ್ಲಿ. ಏಳು ವರ್ಷ ಕಾದರು. ಹಿಂದಿನ ವರ್ಷವೇ ಫೈನಲ್‌ನಲ್ಲಿ ಡಿಆರ್‌ಎಕ್ಸ್ ಎಂಬ ಟೀಮಿನ ವಿರುದ್ಧ 3-2 ಸೋತಿದ್ದರು. 2023ರ ಮಧ್ಯದಲ್ಲಿ ಕೈನೋವಿನಿಂದ ಕೆಲವು ವಾರ ಆಡಲೇ ಆಗಲಿಲ್ಲ. ಅವರಿಲ್ಲದ ಟಿ1 (ಅದೇ ಎಸ್‌ಕೆ ಟೆಲಿಕಾಂ ಟೀಮಿನ ಈಗಿನ ಹೆಸರು) ಸಾಲಾಗಿ ಸೋತಿತು. ಆಮೇಲೆ 2024ರಲ್ಲಿ ಲಂಡನ್, 2025ರಲ್ಲಿ ಚೆಂಗ್ಡು. ಒಟ್ಟು ಆರು ಕಪ್. ಇಷ್ಟು ಉದ್ದದ ಬದುಕು ಈ ಆಟದಲ್ಲಿ ತೀರಾ ಅಪರೂಪ ಅಕ್ಕ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಮನೆಯವರೂ ಸೋಲುತ್ತೀರಿ, ಹುಡುಗನೂ ಸೋಲುತ್ತಾನೆ.

ದಿನಕ್ಕೆ ಎಷ್ಟು ಗಂಟೆ ಆಡುತ್ತಾನೆ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಸೋತ ಪಂದ್ಯದ ರೆಕಾರ್ಡಿಂಗ್ ಮತ್ತೆ ಹಾಕಿ ನೋಡುತ್ತಾನಾ? ಆಟದಲ್ಲಿ ಸತ್ತಾಗ "ಟೀಮ್‌ಮೇಟ್ ಸರಿ ಇಲ್ಲ" ಎನ್ನುತ್ತಾನಾ, ಇಲ್ಲ "ನಾನು ಆ ಕಡೆ ತಿರುಗಬಾರದಿತ್ತು" ಎನ್ನುತ್ತಾನಾ? ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡರೂ ಇದು ನಿಮಗೆ ಗೊತ್ತಾಗುತ್ತದೆ.

ಹುಬ್ಬಳ್ಳಿಯಿಂದ:

ಮೇಲಿನವರು ಪಿಸಿ ಆಟದ ಬಗ್ಗೆ ಹೇಳಿದರು. ನಾನು ಬಿಜಿಎಂಐ ಆಡಿದವನು, ಟೀಮಿನ ಐಜಿಎಲ್ ಆಗಿದ್ದೆ. ಎಲ್ಲಿ ಇಳಿಯಬೇಕು, ಯಾವಾಗ ಝೋನ್ (ನಕ್ಷೆಯಲ್ಲಿ ಕಿರಿದಾಗುತ್ತಾ ಹೋಗುವ ಸುರಕ್ಷಿತ ಜಾಗ) ಒಳಗೆ ಹೋಗಬೇಕು, ಎಲ್ಲಿ ಜಗಳಕ್ಕೆ ಹೋಗಬಾರದು ಎಂದು ತೀರ್ಮಾನ ಮಾಡುವವನು.

ನಮ್ಮ ದೇಶದಲ್ಲಿ ಇನ್ನೊಂದು ತೊಂದರೆ ಇದೆ. ಆಟವೇ ಮಾಯವಾಗಬಹುದು. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. ಬಿಜಿಎಂಐ ಆಗಿ 2021ರಲ್ಲಿ ಬಂತು. 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ನಿಂದ ಅದನ್ನೂ ತೆಗೆದರು. ವಾಪಸ್ ಬಂದದ್ದು 2023ರ ಮೇನಲ್ಲಿ. ಆ ಹತ್ತು ತಿಂಗಳು ನಮ್ಮಂಥವರಿಗೆ ಏನಾಯಿತು ಕೇಳಿ. ದೊಡ್ಡ ಹೆಸರಿನವರು ಯೂಟ್ಯೂಬ್‌ನಲ್ಲಿ ಬೇರೆ ಆಟ ಆಡಿ ಉಳಿದರು. ನಮ್ಮ ಸಂಸ್ಥೆ ಮೊದಲು ಸಂಬಳ ಅರ್ಧ ಮಾಡಿತು, ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿತು. ನಾಲ್ವರಲ್ಲಿ ಬಿಕಾಂ ಮುಂದುವರಿಸಿದ್ದವನು ನಾನೊಬ್ಬನೇ. ನಾನು ಪರೀಕ್ಷೆ ಬರೆದೆ. ಉಳಿದವರು ಆ ವಯಸ್ಸಿನಲ್ಲಿ ಮತ್ತೆ ಪಿಯುಸಿ ಪುಸ್ತಕ ಹಿಡಿಯಬೇಕಾಯಿತು. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ತಮ್ಮನಿಗೆ ಹೇಳಿ: ಊರ ಟೂರ್ನಮೆಂಟ್ ಗೆದ್ದದ್ದು ಲೆಕ್ಕಕ್ಕೆ ಬರುವುದಿಲ್ಲ. ಬಿಜಿಎಂಐನ ದೇಶಮಟ್ಟದ ಟೂರ್ನಮೆಂಟ್ ಆದ ಬಿಜಿಐಎಸ್‌ಗೆ ಯಾರು ಬೇಕಾದರೂ ಸ್ಕ್ವಾಡ್ ಕಟ್ಟಿಕೊಂಡು ಹೆಸರು ಕೊಡಬಹುದು. ಅದರಲ್ಲಿ ಎಷ್ಟು ಸುತ್ತು ದಾಟುತ್ತಾನೆ ನೋಡಿ. ಒಳ್ಳೆಯ ಟೀಮುಗಳ ಜೊತೆ ದಿನಾ ಸ್ಕ್ರಿಮ್ಸ್ (ಅಭ್ಯಾಸ ಪಂದ್ಯ) ಸಿಗುತ್ತಿದೆಯಾ ನೋಡಿ. ಅವನಿಗೆ 18 ತುಂಬಿಲ್ಲ, ಹಾಗಾಗಿ ಮನೆಯವರ ಒಪ್ಪಿಗೆ ಹೇಗೂ ಬೇಕೇ ಬೇಕು. ಅಪ್ಪನನ್ನು ಬಿಟ್ಟು ಈ ಕೆಲಸ ಆಗುವುದಿಲ್ಲ.

ಮೈಸೂರಿನಿಂದ, ಒಬ್ಬ ತಾಯಿ:

ನಮ್ಮ ಮನೆಯಲ್ಲೂ ಇದೇ ಗಲಾಟೆ ನಡೆದಿತ್ತಮ್ಮ. ಮಗ ವ್ಯಾಲರೆಂಟ್ ಎಂಬ ಶೂಟಿಂಗ್ ಗೇಮ್ ಆಡುತ್ತಿದ್ದ. ನಾವು ಬೇಡ ಎನ್ನಲಿಲ್ಲ, ಕಾಲೇಜಿನ ಹಾಜರಾತಿ ತಪ್ಪಬಾರದು, ರಾತ್ರಿ ಹನ್ನೊಂದರ ಮೇಲೆ ಆಡಬಾರದು ಎಂದು ಮಾತು ತೆಗೆದುಕೊಂಡೆವು. ರಾತ್ರಿ ಪಂದ್ಯ ಇದ್ದಾಗ ನಾನೇ ಒಪ್ಪುತ್ತಿದ್ದೆ. ಮಣಿಕಟ್ಟು ನೋವು ಅಂದಾಗ ಫಿಸಿಯೋ ಹತ್ತಿರ ಕರೆದುಕೊಂಡು ಹೋದೆವು. ಪ್ರೊ ಆಟಗಾರ ಆಗಲಿಲ್ಲ. ಡಿಗ್ರಿ ಮುಗಿಸಿ ಈಗ ಟೂರ್ನಮೆಂಟ್ ನಡೆಸುವ ಕಡೆ ಅಬ್ಸರ್ವರ್ ಆಗಿದ್ದಾನೆ. ಪಂದ್ಯ ಪ್ರಸಾರವಾಗುವಾಗ ಯಾವ ಆಟಗಾರನ ದೃಶ್ಯ ತೋರಿಸಬೇಕು ಎಂದು ನೋಡಿಕೊಳ್ಳುವ ಕೆಲಸ. ಆಟ ಗೊತ್ತಿಲ್ಲದವರಿಗೆ ಅದು ಬರುವುದಿಲ್ಲ. ನನಗೆ ಅವನ ಬಗ್ಗೆ ತುಂಬಾ ಹೆಮ್ಮೆ ಇದೆ.

ಶಿವಮೊಗ್ಗದಿಂದ:

ನಿಮ್ಮ ತಂದೆಗೆ ಒಂದು ವಿಷಯ ತಿಳಿಸಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಹಣ ಹೂಡಿ ಹಣ ಗೆಲ್ಲುವ ಆಟಗಳನ್ನು ಅದು ನಿಷೇಧಿಸುತ್ತದೆ. ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ, ಕ್ರೀಡೆ ಎಂದು ಗುರುತಿಸುತ್ತದೆ. ಹಾಗಾಗಿ ಎರಡನ್ನೂ ಜೂಜು ಅನ್ನುವುದು ಸರಿಯಲ್ಲ. ಆದರೆ ಫೀ ಕಟ್ಟಿಸಿಕೊಂಡು, ಆಟದಲ್ಲಿ ಎದುರಾಳಿಯನ್ನು ಹೊಡೆದ ಪ್ರತಿ ಕಿಲ್‌ಗೆ ಇಷ್ಟು ರೂಪಾಯಿ ಎಂದು ಕೊಡುವ, ಖಾಸಗಿಯವರೇ ತೆರೆದ ಕಸ್ಟಮ್ ರೂಮ್‌ಗಳಿರುತ್ತವಲ್ಲ, ಅದರಿಂದ ತಮ್ಮನನ್ನು ದೂರ ಇಡಿ. ಅಲ್ಲಿ ಅಪ್ಪನ ಭಯ ಸರಿಯೇ.

ದಾವಣಗೆರೆಯಿಂದ, ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ತಮ್ಮನಿಗೆ ಪೂರ್ತಿ ಓದಿಸಿದೆ. ಆಂಬಿಷನ್ ವಿಷಯ ಅವನಿಗೆ ಗೊತ್ತೇ ಇರಲಿಲ್ಲ, ಅರ್ಧ ಗಂಟೆ ಅದನ್ನೇ ಹುಡುಕುತ್ತಾ ಕೂತಿದ್ದ. ಪಿಯುಸಿ ಪರೀಕ್ಷೆ ಬರೆಯುತ್ತಾನಂತೆ. ಅಪ್ಪ ಬಿಜಿಐಎಸ್ ಒಪ್ಪಿಗೆಗೆ ಸಹಿ ಹಾಕುತ್ತೇನೆ ಎಂದಿದ್ದಾರೆ, ಮನಸ್ಸಿಲ್ಲದ ಮನಸ್ಸಿನಿಂದ. ಒಂದು ಪ್ರಶ್ನೆ: ಯಾರೋ ಒಂದು ಟೀಮಿನವರು ಈಗಲೇ ಕಾಂಟ್ರ್ಯಾಕ್ಟ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಏನು ನೋಡಬೇಕು?

ಬೆಂಗಳೂರಿನಿಂದ:

ಅಕ್ಕ, ಅವಸರ ಮಾಡಬೇಡಿ. ಸಂಬಳ ಯಾವ ತಾರೀಖಿಗೆ, ಬಹುಮಾನದಲ್ಲಿ ಪಾಲು ಎಷ್ಟು, ಅದು ಎಷ್ಟು ದಿನದಲ್ಲಿ ಕೈಗೆ ಬರುತ್ತದೆ, ಬರವಣಿಗೆಯಲ್ಲಿ ಇರಲಿ. ಟೀಮ್ ಬಿಡಬೇಕೆಂದರೆ ಬೈಔಟ್ (ಕಾಂಟ್ರ್ಯಾಕ್ಟ್ ಬಿಡಿಸಿಕೊಳ್ಳಲು ಕಟ್ಟಬೇಕಾದ ಹಣ) ಎಷ್ಟು ಎಂದು ಕೇಳಿ. ಸುಮ್ನೆ ಬೆಂಚಿನಲ್ಲಿ ಕೂರಿಸಿ ಬೇರೆ ಕಡೆ ಹೋಗದ ಹಾಗೆ ಕಟ್ಟಿಹಾಕುವುದು ಇದರಿಂದಲೇ. ಆಟ ನಿಂತುಹೋದರೆ ಸಂಬಳದ ಗತಿ ಏನು ಎನ್ನುವುದೂ ಇರಬೇಕು, ಹುಬ್ಬಳ್ಳಿಯವರು ಹೇಳಿದ ಕಾರಣಕ್ಕೆ. ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಗೇ ಮುಗಿಸಿ. ಸಹಿ ಹಾಕುವ ಮುಂಚೆ ವಕೀಲರೊಬ್ಬರಿಗೆ ತೋರಿಸಿ.

ತಮ್ಮನ ಒಂದು ಸ್ಕ್ರಿಮ್ ರೆಕಾರ್ಡಿಂಗ್ ಕಳಿಸಲಿ. ಗೆದ್ದದ್ದು ಬೇಡ, ಬೇಗ ಸತ್ತದ್ದು ಇರಲಿ, ಟೀಮಿನ ಮಾತು ಕೇಳಿಸಬೇಕು. ಭಾನುವಾರ ಕೂತು ನೋಡಿ ಅವನಿಗೇ ನೇರವಾಗಿ ಹೇಳುತ್ತೇನೆ.